ಬಲಗೈ ಬಳೆ ಅಂಗಡಿಯದು

ಮಲೇಷ್ಯಾದ ನಮ್ಮ ಕೋತಾ ಭಾರು ಊರಿನ ಮಾರುಕಟ್ಟೆಯಲ್ಲಿ ಒಬ್ಬ ಹೆಂಗಸಿನ ವ್ಯಾಪಾರ ಹೇಗಿದೆ ಅಂತ ತಿಳಿಯಲು ಅವಳ ಅಂಗಡಿಗೆ ಹೋಗಬೇಕಾಗಿಲ್ಲ, ಕೈ ನೋಡಿದರೆ ಸಾಕು. ದುಡ್ಡು ಮಿಕ್ಕಿದಾಗ ಬಳೆ ಏರುತ್ತದೆ, ದುಡ್ಡು ಬೇಕಾದಾಗ ಇಳಿಯುತ್ತದೆ. ಬ್ಯಾಂಕಿನವರು ಎಷ್ಟು ಸಲ ಬಂದು ಬಣ್ಣದ ಕಾಗದ ಹಂಚಿ ಹೋದರೂ ನಾವು ನಂಬಿರುವುದು ಮುಂಗೈಯನ್ನೇ.

ಆದರೆ ಕಾಕ್ ಸುಪಿಯಾಳ ಕೈ ನೋಡಿದವರ ಲೆಕ್ಕ ತಪ್ಪುತ್ತಿತ್ತು. ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸಾಲಾಗಿ ದಪ್ಪ ದಪ್ಪ ಚಿನ್ನದ ಬಳೆಗಳು. ಎಡಗೈಯಲ್ಲಿ ಎರಡೇ ಎರಡು, ಅದೂ ತಂತಿಯಷ್ಟು ತೆಳ್ಳಗೆ. ನಾನು ಅವಳ ಎದುರಿಗೆ ನಮಾಜಿನ ಬಿಳಿ ಬಟ್ಟೆಯ ಅಂಗಡಿ ಇಟ್ಟ ಹೊಸದರಲ್ಲಿ, ಪಾಪ ಇವಳಿಗೆ ಎಡಗೈ ಸ್ವಾಧೀನವಿಲ್ಲವೇನೋ ಅಂದುಕೊಂಡಿದ್ದೆ. ಒಂದು ದಿನ ಬಾಯಿ ತಡೆಯಲಾರದೆ ಕೇಳಿಯೇಬಿಟ್ಟೆ.

“ಕಾಕ್, ಆ ಕೈ ಏನು ತಪ್ಪು ಮಾಡ್ತು? ಅದನ್ನ ಹಂಗೆ ಬೋಳು ಬಿಟ್ಟಿದೀಯಲ್ಲ?”

ನಮ್ಮಲ್ಲಿ ಅಕ್ಕನ ವಯಸ್ಸಿನವರೆಲ್ಲ ಕಾಕ್. ಅವಳು ಸೊಂಟಕ್ಕೆ ಸುತ್ತುವ ಬಾಟಿಕ್ ಸರೋಂಗುಗಳನ್ನು ಮಡಿಸುತ್ತ, ತಲೆ ಎತ್ತದೆ ಉತ್ತರ ಕೊಟ್ಟಳು.

“ಎಡಗೈ ನಂದು, ತೀಜಾ. ಬಲಗೈ ಅಂಗಡಿದು.”

“ಹಂಗಂದ್ರೆ?”

“ಅಂಗಡೀಲಿ ಲಾಭ ಬಂದ್ರೆ ಬಳೆ ಬಲಗೈಗೆ. ಅದು ಅಂಗಡಿ ಚಿನ್ನ. ನಂಗೆ ಸಂಬಳ ಬರತ್ತಲ್ಲ, ಅದ್ರಲ್ಲಿ ಉಳಿಸಿದ್ದು ಎಡಗೈಗೆ.”

“ನಿಂಗೆ ಸಂಬಳ ಕೊಡೋರು ಯಾರು?”

“ಅಂಗಡಿ.”

“ಅಂಗಡಿ ಯಾರ್ದು ಮತ್ತೆ?”

“ನಂದೇ ಕಣೇ. ಅದಕ್ಕೇ ಭಯ.”

ನಾನು ಬಿದ್ದು ಬಿದ್ದು ನಕ್ಕೆ. ಮಧ್ಯಾಹ್ನದ ಹೊತ್ತಿಗೆ ಇಡೀ ಸಾಲಿಗೆ ಸುದ್ದಿ ಹಂಚಿದೆ. ಎಲ್ಲರಿಗೂ ಅದು ಮೊದಲೇ ಗೊತ್ತಿತ್ತು. ಪಕ್ಕದ ಉಪ್ಪಿನಕಾಯಿ ಅಂಗಡಿಯ ಜಾ ಅಂದಳು, “ಅಯ್ಯೋ, ಆಯಮ್ಮನ ಎರಡು ಕೈಗೂ ಮಾತು ಬಿಟ್ಟು ಎಷ್ಟೋ ವರ್ಷ ಆಯ್ತು.”

ನಿಜವಾದ ತಮಾಷೆ ನೋಡಬೇಕಾದರೆ ಗುರುವಾರ ಸಂಜೆ ನೋಡಬೇಕಿತ್ತು. ಸೊಂಟದ ಬಲಕ್ಕೆ ಒಂದು ಚೀಲ, ಎಡಕ್ಕೆ ಒಂದು ಚೀಲ. ಬಾಗಿಲು ಹಾಕುವ ಮುಂಚೆ ಕಾಕ್ ಸುಪಿಯಾ ಬಲಗಡೆಯದರಿಂದ ನೋಟು ಎಣಿಸಿ ತೆಗೆದು ಎಡಗಡೆಯದಕ್ಕೆ ಹಾಕಿಕೊಳ್ಳುತ್ತಿದ್ದಳು. ಸುಮ್ಮನೆ ಹಾಕಿಕೊಳ್ಳುತ್ತಿರಲಿಲ್ಲ, “ಸುಪಿಯಾ, ಈ ವಾರದ ಸಂಬಳ ತಗೋ” ಅಂತ ಗಟ್ಟಿಯಾಗಿ ಹೇಳುತ್ತಿದ್ದಳು. ಮಂಗಳವಾರ ಹಲ್ಲುನೋವು ಅಂತ ತಡವಾಗಿ ಬಂದಿದ್ದರೆ, “ಅರ್ಧ ದಿನದ್ದು ಹಿಡ್ಕೊಂಡಿದೀನಿ, ಮುಖ ಊದಿಸ್ಕೋಬೇಡ” ಅಂತ ತನಗೆ ತಾನೇ ಗದರಿಕೊಳ್ಳುತ್ತಿದ್ದಳು. ಸರೋಂಗ್ ಬೇಕಾದರೆ ತನ್ನ ಅಂಗಡಿಯಲ್ಲೇ ದುಡ್ಡು ಕೊಟ್ಟು ಕೊಳ್ಳುತ್ತಿದ್ದಳು, ಅದೂ ಚೌಕಾಸಿ ಮಾಡಿ. ಇವಳಿಗೆ ತಲೆ ಕೆಟ್ಟಿದೆ ಅನ್ನುವುದರಲ್ಲಿ ನನಗೆ ಅನುಮಾನ ಉಳಿದಿರಲಿಲ್ಲ.

ಈ ಹುಚ್ಚು ಎಲ್ಲಿಂದ ಬಂತು ಅಂತ ಅರ್ಥವಾಗಲು ನನಗೆ ಕಾಲ ಹಿಡಿಯಿತು. ಅವಳ ತಾಯಿ ಎಸಾ ಇದೇ ಸಾಲಿನಲ್ಲಿ, ಇದೇ ಜಾಗದಲ್ಲಿ ಬಟ್ಟೆ ಮಾರಿದವಳು. ವ್ಯಾಪಾರದಲ್ಲಿ ಅವಳನ್ನು ಮೀರಿಸುವವರಿರಲಿಲ್ಲವಂತೆ. ಆದರೆ ಅವಳಿಗಿದ್ದದ್ದು ಒಂದೇ ಚೀಲ. ಅಕ್ಕಿಗೂ ಅದರಿಂದಲೇ, ಬಟ್ಟೆ ತರಿಸುವುದಕ್ಕೂ ಅದರಿಂದಲೇ. ತಮ್ಮನ ಮಗನ ಸುನ್ನತಿಗೆ, ಪಕ್ಕದ ಮನೆಯ ಸಾವಿನ ಖರ್ಚಿಗೆ, ಗಂಡನ ಹೊಸ ಸೈಕಲ್ಲಿಗೆ, ಯಾರು ಏನು ಕೇಳಿದರೂ ಕೈ ಅದೇ ಚೀಲಕ್ಕೆ ಹೋಗುತ್ತಿತ್ತು. ಎಸಾ ಜೂಜಾಡಿದವಳಲ್ಲ, ದುಂದು ಮಾಡಿದವಳಲ್ಲ, ಯಾರೂ ಅವಳಿಗೆ ಮೋಸ ಮಾಡಲಿಲ್ಲ. ಅಂಗಡಿಯನ್ನು ಮನೆ ಸುಮ್ಮನೆ ಅನ್ನದ ಜೊತೆ ಕಲಸಿಕೊಂಡು ತಿಂದುಹಾಕಿತು. ಕೊನೆಗೆ ಹಲಗೆಯ ಮೇಲೆ ನಾಲ್ಕು ಸರೋಂಗು ಉಳಿದಿದ್ದಾಗ ಸುಪಿಯಾ ಅಂಗಡಿಗೆ ಬಂದು ಕೂತಳು. ಅಂದಿನಿಂದ ಎರಡು ಚೀಲ, ಎರಡು ಕೈ.

ಮಗಳು ಹಸ್ನಿಜಾಳ ಮದುವೆಯಲ್ಲಿ ಈ ನಿಯಮಕ್ಕೆ ಊರೆಲ್ಲ ಮೂಗು ಮುರಿಯಿತು. ಬಲಗೈ ತುಂಬ ಚಿನ್ನ ಹೇರಿಕೊಂಡ ತಾಯಿ ಎಮ್ಮೆ ಕೊಯ್ಯಿಸದೆ ಕೋಳಿ ಸಾರು ಬಡಿಸಿದರೆ ಯಾರು ತಾನೆ ಸುಮ್ಮನಿರುತ್ತಾರೆ? ಅವಳ ಗಂಡ ಲೆಹ್ ಸೈಕಲ್ ರಿಕ್ಷಾ ತುಳಿಯುವವನು, ಸಾಧು ಪ್ರಾಣಿ. ಮದುವೆಗೆ ವಾರವಿರುವಾಗ ಅವನು ಮಾರುಕಟ್ಟೆಗೆ ಬಂದು ನಮ್ಮೆಲ್ಲರ ಎದುರಿಗೇ ಕೇಳಿದ.

“ಒಂದೇ ಒಂದು ಬಳೆ ಕೊಡೇ. ಸಾಲ ಅಂತ ತಿಳ್ಕೊ.”

“ಅಂಗಡಿ ಸಾಲ ಕೊಡಲ್ಲ, ಅಬೆ.” ಅವಳು ಗಂಡನನ್ನು ಕರೆಯುವುದು ಹಾಗೆ, ಅಬೆ ಅಂದರೆ ಅಣ್ಣ.

“ನಿನ್ನ ಹತ್ರ ಮಾತಾಡಿ ಉಪಯೋಗ ಇಲ್ಲ ಬಿಡು. ನಾನು ಅಂಗಡಿ ಹತ್ರಾನೇ ಮಾತಾಡ್ತೀನಿ.” ಲೆಹ್ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಲೆಯ ಟೋಪಿ ಸರಿಮಾಡಿಕೊಂಡು, “ಅಂಗಡಿಯಪ್ಪಾ, ನಿನ್ನ ಮೊಮ್ಮಗಳ ಮದುವೆ ಇಟ್ಕೊಂಡಿದೀವಿ, ಸ್ವಲ್ಪ ದೊಡ್ಡ ಮನಸ್ಸು ಮಾಡು” ಅಂತ ಕೈ ಮುಗಿದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಾಕ್ ಸುಪಿಯಾ ಕೂಡ ನಕ್ಕಳು, ಆದರೆ ಬಳೆ ಬಿಚ್ಚಲಿಲ್ಲ. ಎಡಗೈಯ ಬಳೆಗಳು ಅಷ್ಟರಲ್ಲಿ ಐದಾರಕ್ಕೆ ಏರಿದ್ದವು. ಎರಡನ್ನು ಉಳಿಸಿಕೊಂಡು ಮಿಕ್ಕದ್ದನ್ನು ಮಾರಿ ಮದುವೆ ಮಾಡಿದಳು.

ನಾನು ಅವಳನ್ನು ಜಿಪುಣಿ ಅಂತ ಬೈದಿದ್ದೇನೆ, ಮುಖದ ಮೇಲೇ ಬೈದಿದ್ದೇನೆ. ಆದರೆ ಬಟ್ಟೆ ಮಾರುವುದನ್ನು ಕಲಿತದ್ದು ಅವಳಿಂದಲೇ. ಗಿರಾಕಿ ಬಂದರೆ ಅವಳು ಬೆಲೆ ಹೇಳುವುದೇ ಇಲ್ಲ. ಸರೋಂಗನ್ನು ಬಿಡಿಸಿ ಗಿರಾಕಿಯ ಹೆಗಲ ಮೇಲೆ ಹಾಕಿಬಿಡುತ್ತಾಳೆ. ಅಲ್ಲಿಂದ ಮುಂದೆ ಅವಳ ಬಾಯಲ್ಲಿ ಅದು “ನಿಮ್ಮ ಸರೋಂಗ್”. “ನಿಮ್ಮ ಸರೋಂಗಿನ ಅಂಚು ನೋಡಿ.” “ನಿಮ್ಮದು ನೆಲಕ್ಕೆ ತಾಗ್ತಿದೆ, ಸ್ವಲ್ಪ ಎತ್ಕೊಳ್ಳಿ.” ಗುರುತಿನವರಾದರೆ ಇನ್ನೂ ಮುಂದೆ ಹೋಗುತ್ತಾಳೆ. “ದುಡ್ಡು ಯಾರು ಕೇಳಿದ್ರು? ಮನೆಗೆ ತಗೊಂಡ್ಹೋಗಿ, ಕನ್ನಡೀಲಿ ನೋಡ್ಕೊಳ್ಳಿ, ಬೇಡ ಅನ್ಸಿದ್ರೆ ನಾಳೆ ತಂದ್ಕೊಡಿ.” ಹಾಗೆ ಹೋದ ಬಟ್ಟೆ ವಾಪಸು ಬಂದದ್ದನ್ನು ನಾನು ಕಾಣೆ.

“ಅದೇನು ಮಂತ್ರ ಕಾಕ್?” ಅಂತ ಕೇಳಿದ್ದಕ್ಕೆ ಅವಳು ಅಂದಿದ್ದಳು, “ಮಂತ್ರಾನೂ ಇಲ್ಲ, ಮಣ್ಣೂ ಇಲ್ಲ. ಹಲಗೆ ಮೇಲಿದ್ರೆ ಅದು ಮೂವತ್ತು ರಿಂಗಿಟ್ ಬಟ್ಟೆ. ಅವರ ಹೆಗಲ ಮೇಲೆ ಸ್ವಲ್ಪ ಹೊತ್ತು ಇದ್ರೆ ಐವತ್ತು ರಿಂಗಿಟ್‌ದು. ಬಟ್ಟೆ ಅದೇ ತಾನೆ? ನಮ್ಮದು ಅಂತ ಆದ್ಮೇಲೆ ಬಿಡೋಕೆ ಯಾರಿಗೂ ಮನಸ್ಸು ಬರಲ್ಲ ತೀಜಾ.”

ಇಷ್ಟು ತಿಳಿದವಳು ತನ್ನ ಸರದಿ ಬಂದಾಗ ಏನು ಮಾಡಿದಳು ಅನ್ನುವುದೇ ನಾನು ಹೇಳಹೊರಟಿರುವ ವಿಷಯ.

ಆ ವರ್ಷ ಮಳೆಗಾಲದ ಕೊನೆಗೆ ನದಿ ಊರೊಳಗೆ ಬಂತು. ಪ್ರತಿ ವರ್ಷವೂ ಬರುತ್ತದೆ, ನಾವು ಕಾಲು ಮೇಲೆತ್ತಿ ಕೂತು ಅದು ಹೋಗುವುದನ್ನು ಕಾಯುತ್ತೇವೆ. ಆ ಸಲದ್ದು ಹಾಗಿರಲಿಲ್ಲ. ಹಳದಿ ಬಣ್ಣದ ಕೆಸರು ನೀರು ಮನೆಗಳ ಕಿಟಕಿಯವರೆಗೆ ನಿಂತಿತು. ಮಾರುಕಟ್ಟೆಯ ನಮ್ಮ ಮಹಡಿಗೆ ನೀರು ಹತ್ತಲಿಲ್ಲ, ಆದರೆ ಕಾಕ್ ಸುಪಿಯಾ ಸರಕು ಇಟ್ಟಿದ್ದದ್ದು ನದಿಯ ಹತ್ತಿರದ ಓಣಿಯ ಬಾಡಿಗೆ ಉಗ್ರಾಣದಲ್ಲಿ. ನೀರಿಳಿದ ಮೇಲೆ ನಾವಿಬ್ಬರೂ ಹೋಗಿ ಬಾಗಿಲು ತಳ್ಳಿದೆವು. ಕಟ್ಟು ಕಟ್ಟು ಬಟ್ಟೆ ಒಂದಕ್ಕೊಂದು ಅಂಟಿಕೊಂಡು ಬಿದ್ದಿತ್ತು. ಒಂದರ ಬಣ್ಣ ಇನ್ನೊಂದಕ್ಕೆ ಇಳಿದು ಎಲ್ಲವೂ ಒಂದೇ ಹುಣ್ಣಿನ ಬಣ್ಣವಾಗಿತ್ತು. ಅವಳು ಒಂದು ಸರೋಂಗನ್ನು ಎತ್ತಿ ಹಿಂಡಿದಳು, ಮತ್ತೆ ಅಲ್ಲೇ ಇಟ್ಟಳು.

ಆ ತಿಂಗಳು ಸಾಲಿನಲ್ಲಿ ಎಷ್ಟೋ ಮನೆಗಳ ಒಲೆ ಹೊತ್ತಲಿಲ್ಲ. ಬಟ್ಟೆಯ ದುಡ್ಡೂ ಅಕ್ಕಿಯ ದುಡ್ಡೂ ಒಂದೇ ಆಗಿದ್ದವರಿಗೆ ಎರಡೂ ಒಟ್ಟಿಗೆ ಹೋಗಿತ್ತು. ನನ್ನದೇ ಕಥೆ ಅದು, ಹೇಳಲು ನಾಚಿಕೆಯೇನಿಲ್ಲ. ಕಾಕ್ ಸುಪಿಯಾಳ ಮನೆಯಲ್ಲಿ ಮಾತ್ರ ಎಡಗಡೆ ಚೀಲದಿಂದ ಅಕ್ಕಿ ಬಂತು, ಮೀನು ಬಂತು. ಲೆಹ್ ನಮ್ಮ ಮನೆಗೂ ಒಂದು ಚೀಲ ಅಕ್ಕಿ ತಂದು ಹಾಕಿ ಹೋದ. ಅವತ್ತಿನಿಂದ ನಾನು ಅವಳ ಎರಡು ಕೈಗಳ ಬಗ್ಗೆ ನಗುವುದನ್ನು ಬಿಟ್ಟೆ.

“ಅಂಗಡಿಗೆ ಕಷ್ಟ ಬಂದಿದೆ,” ಅಂದಳು ಅವಳು, “ಅಂಗಡಿ ತನ್ನ ಬಳೆ ತಾನು ಮಾರ್ಕೊಳತ್ತೆ. ನಾನ್ಯಾಕೆ ಅಳಲಿ?”

ನಮಗೆಲ್ಲ ಎಷ್ಟು ಹೆಮ್ಮೆಯಾಯಿತೆಂದರೆ, ನಾನು ಅಂಗಡಿ ಬಿಟ್ಟು ಅವಳ ಜೊತೆ ತೌಕೆ ಹೊಕ್‌ನ ಚಿನ್ನದಂಗಡಿಗೆ ಹೊರಟೆ. ತೌಕೆ ಅಂದರೆ ಧಣಿ; ಹೊಕ್ ಚೀನೀಯವನು, ಆದರೆ ನಮಗಿಂತ ಚೆನ್ನಾಗಿ ನಮ್ಮೂರ ಮಾತಾಡುತ್ತಾನೆ. ಕಾಕ್ ಸುಪಿಯಾ ಬಳೆಗಳನ್ನು ಒಂದೊಂದಾಗಿ ಬಿಚ್ಚಿ ಮಖಮಲ್ಲಿನ ಮೇಲೆ ಇಟ್ಟಳು. ಎಲ್ಲಕ್ಕಿಂತ ಒಳಗಿದ್ದ ಬಳೆ, ಅವಳು ಅಂಗಡಿಗಾಗಿ ಕೊಂಡ ಮೊಟ್ಟಮೊದಲಿನದು, ಬಿದಿರು ಗೆಣ್ಣಿನ ಕೆಲಸದ್ದು, ಅದು ಮಾತ್ರ ಕೈಯಿಂದ ಬರಲಿಲ್ಲ. ಕೈ ಅದರ ಸುತ್ತ ದಪ್ಪವಾಗಿತ್ತು. ತೌಕೆ ಮಿಕ್ಕವನ್ನು ತೂಗಿದ, ಇದನ್ನು ಕಣ್ಣಲ್ಲೇ ಅಳೆದ, ಅವತ್ತಿನ ದರ ಹಾಕಿ ಹೇಳಿದ.

“ಬಿದಿರಿಂದು ಒಂದು ಆರು ಸಾವಿರ ಆಗಬಹುದು ಕಾಕ್. ಮಿಕ್ಕಿದ್ದು ಎಲ್ಲಾ ಸೇರಿ ಇಷ್ಟು.”

“ಆರಾ?” ಅವಳು ಕೈಯನ್ನು ಎದೆಗೆ ಎಳೆದುಕೊಂಡಳು. “ತೌಕೆ, ನಿನ್ನ ಕಣ್ಣಿಗೇನಾಗಿದೆ? ಈ ಕೆಲಸ ನೋಡು. ಈಗ ಯಾರು ಮಾಡ್ತಾರೆ ಇದನ್ನ?”

“ಯಾರೂ ಮಾಡಲ್ಲ ಕಾಕ್. ಯಾರೂ ಕೇಳೋದೂ ಇಲ್ಲ.”

“ಒಂಬತ್ತಕ್ಕೆ ಒಂದು ಕಾಸು ಕಮ್ಮಿ ಇಲ್ಲ.”

“ನಿಮ್ಮ ಕೈಲಿರೋವಾಗ ಒಂಬತ್ತು. ನನ್ನ ತಕ್ಕಡೀಲಿ ಆರು. ನಾನೇನು ಮಾಡ್ಲಿ ಹೇಳಿ?”

ಅವಳು ಅಷ್ಟೂ ಬಳೆಗಳನ್ನು ಮತ್ತೆ ಏರಿಸಿಕೊಂಡು ಎದ್ದಳು. ಮುಂದಿನ ಅಂಗಡಿಗೆ ಹೋದೆವು, ಅದರ ಮುಂದಿನದಕ್ಕೂ ಹೋದೆವು. ಚಿನ್ನದ ದರ ಊರಿಗೆಲ್ಲ ಒಂದೇ. ಎಲ್ಲರೂ ಹೆಚ್ಚುಕಡಿಮೆ ಅಷ್ಟನ್ನೇ ಹೇಳಿದರು, ಎಲ್ಲರೂ ಅವಳ ಬಾಯಲ್ಲಿ ಕಳ್ಳರಾದರು. ಬಿದಿರಿನ ಬಳೆಯಿಂದ ಶುರುವಾದ ಜಗಳ ಮಿಕ್ಕ ಬಳೆಗಳಿಗೂ ಹಬ್ಬಿತು. ಇದು ಹಸ್ನಿಜಾ ಹುಟ್ಟಿದ ವರ್ಷದ್ದು, ಇದು ಎರಡು ರಂಜಾನ್ ಸಾಲಾಗಿ ಚೆನ್ನಾಗಿ ಹೋದಾಗಿನದು, ಇದನ್ನು ಹೇಗೆ ಬರೀ ತೂಕಕ್ಕೆ ಕೊಡುವುದು?

ಇತ್ತ ಕಾಲ ನಿಲ್ಲುವ ಹಾಗಿರಲಿಲ್ಲ. ಅವಳಿಗೆ ಮೊದಲಿನಿಂದ ಬಟ್ಟೆ ಕೊಡುತ್ತಿದ್ದವರು ಪೊಕ್ ದೆರಾಮನ್, ಹಳ್ಳಿಯಲ್ಲಿ ಬಿಳಿ ಬಟ್ಟೆಗೆ ಬಿಸಿ ಮೇಣದ ಅಚ್ಚೊತ್ತಿ ಬಾಟಿಕ್ ಮಾಡುವ ಮುದುಕರು; ಹಿರಿಯರನ್ನು ನಾವು ಪೊಕ್ ಅನ್ನುತ್ತೇವೆ. ಯಾವಾಗಲೂ ಮೊದಲು ಬಟ್ಟೆ, ಆಮೇಲೆ ದುಡ್ಡು. ಆದರೆ ಆ ವರ್ಷ ಅವರ ಮೇಣದ ಬಾಣಲೆಗಳೂ ಕೆಸರಿನಲ್ಲಿ ಹೂತುಹೋಗಿದ್ದವು. ಅವರೇ ಬಂದು ಹಲಗೆಯ ಮೇಲೆ ಕೂತು ಹೇಳಿದರು.

“ಸುಪಿಯಾ, ನಾನು ಕೇಳೋನಲ್ಲ ಮಗಾ. ಆದ್ರೆ ಬಿಳಿ ಬಟ್ಟೆ ತರೋಕೂ ನನ್ನ ಹತ್ರ ಏನೂ ಇಲ್ಲ. ಕೌಲಾಲಂಪುರದಿಂದ ಒಬ್ಬ ಬಂದಿದ್ದ, ಹಬ್ಬದ ಬಟ್ಟೆ ಪೂರ್ತಿ ನಂಗೇ ಕೊಡು, ಮುಂಗಡ ಈಗ್ಲೇ ಇಡ್ತೀನಿ ಅಂದ. ನಿನ್ನ ಕೇಳ್ದೆ ಹೂಂ ಅನ್ನಲ್ಲ ಅಂತ ಬಂದೆ. ಗುರುವಾರದವರೆಗೆ ಕಾಯ್ತೀನಿ.”

ರಂಜಾನಿನಲ್ಲಿ ಬರುವ ದುಡ್ಡೇ ನಮಗೆ ವರ್ಷದ ದುಡ್ಡು. ಆ ತಿಂಗಳು ಹಲಗೆ ಖಾಲಿ ಇದ್ದರೆ ಮುಂದಿನ ವರ್ಷವೂ ಖಾಲಿ. ಖಾಲಿ ಬಿದ್ದ ಜಾಗಕ್ಕೆ ಬಾಡಿಗೆ ಕಟ್ಟಿಕೊಂಡು ಎಷ್ಟು ದಿನ ಕೂರಲು ಸಾಧ್ಯ? ಜಾಗಕ್ಕಾಗಿ ಕಾದು ನಿಂತವರು ಸಾಲುಗಟ್ಟಿದ್ದರು. ಎಸಾಳ ಅಂಗಡಿಯನ್ನು ಮನೆ ತಿಂದಿತ್ತು. ಸುಪಿಯಾಳ ಅಂಗಡಿ ಮೊಣಕೈವರೆಗೆ ಚಿನ್ನ ತೊಟ್ಟುಕೊಂಡು ಹಸಿವಿನಿಂದ ಸಾಯುವ ಹಾಗೆ ಕಾಣುತ್ತಿತ್ತು.

ನನಗೆ ಸಿಟ್ಟು ಬೇಗ ಬರುತ್ತದೆ, ಗಂಡನೂ ಹೇಳುತ್ತಾನೆ, ಮಕ್ಕಳೂ ಹೇಳುತ್ತಾರೆ. ಆ ವಾರವಿಡೀ ನಾನು ಹಲ್ಲು ಕಚ್ಚಿಕೊಂಡಿದ್ದೆ. ಅವಳು ದಿನಕ್ಕೊಂದು ನೆವ ತೆಗೆಯುತ್ತಿದ್ದಳು. ದರ ಏರುತ್ತದಂತೆ. ಹಬ್ಬ ಕಳೆದ ಮೇಲೆ ಮಾರುವುದು ಒಳ್ಳೆಯದಂತೆ. ತೌಕೆ ಹೊಕ್‌ನ ತಕ್ಕಡಿಯೇ ಸರಿಯಿಲ್ಲವಂತೆ. ದುಡ್ಡನ್ನು ಅಷ್ಟು ಕಟ್ಟುನಿಟ್ಟಾಗಿ ಬೇರೆ ಇಟ್ಟವಳು ಇವಳೇನಾ ಅನ್ನಿಸುತ್ತಿತ್ತು. ವರ್ಷಗಟ್ಟಲೆ ಮೈಗೆ ತಾಗಿಕೊಂಡಿದ್ದ ಚಿನ್ನ ಯಾವಾಗಲೋ ಅಂಗಡಿಯದಾಗಿ ಉಳಿದಿರಲಿಲ್ಲ, ಅವಳಿಗೆ ಅದು ಗೊತ್ತಾಗಿರಲಿಲ್ಲ.

ಬುಧವಾರ ಬೆಳಿಗ್ಗೆ ನಾವು ಜಾಳ ಅಂಗಡಿಯ ಮುಂದೆ ಕೂತು ಶಂಖಪುಷ್ಪ ಹಾಕಿ ಬೇಯಿಸಿದ ನೀಲಿ ಅನ್ನ ತಿನ್ನುತ್ತಿದ್ದೆವು. ಕಾಕ್ ಸುಪಿಯಾ ಮತ್ತೆ ಶುರು ಮಾಡಿದಳು. “ಒಂಬತ್ತು ಸಾವಿರ ಬಾಳೋ ಬಳೇನ ಆರಕ್ಕೆ ಕೇಳ್ತಾನಲ್ಲ, ಅವನಿಗೆ ದೇವರ ಭಯ ಬೇಡ್ವಾ?”

ನಾನು ಅನ್ನದ ಪೊಟ್ಟಣವನ್ನು ಕೆಳಗೆ ಕುಕ್ಕಿದೆ.

“ಒಂಬತ್ತು ಬಾಳತ್ತೆ ಅಂತೀಯಲ್ಲ, ಹಾಗಾದ್ರೆ ನೀನೇ ತಗೋ!”

“ನಾನೇ?”

“ಹೂಂ, ನೀನೇ. ಅಂಗಡಿ ಮಾರ್ತಿದೆ, ಸುಪಿಯಾ ಕೊಂಡ್ಕೊಳ್ಳಲಿ. ಎಡಗಡೆ ಚೀಲದಿಂದ ಒಂಬತ್ತು ಸಾವಿರ ತೆಗಿ, ಬಲಗಡೆ ಚೀಲಕ್ಕೆ ಹಾಕು. ಬಳೆ ನಿನ್ನದೇ ಆಗತ್ತೆ, ಸಾಯೋತನಕ ಹಾಕ್ಕೋ. ಅಂಗಡಿಗೆ ದುಡ್ಡು ಸಿಗತ್ತೆ, ಪೊಕ್ ದೆರಾಮನ್‌ಗೂ ಮುಟ್ಟತ್ತೆ. ತೌಕೆ ಮುಖ ನೋಡೋ ಕೆಲಸಾನೇ ಇಲ್ಲ.”

“ಅಷ್ಟು ದುಡ್ಡು ಎಡಗಡೆ...”

“ಇದೆ, ಇಲ್ಲ ಅನ್ನಬೇಡ. ಕಮ್ಮಿ ಬಿದ್ರೆ ನಿನ್ನ ಸಂಬಳದಲ್ಲಿ ಅಂಗಡಿ ಹಿಡ್ಕೊಳ್ಳತ್ತೆ.”

ಜಾಳಿಗೆ ಇಂಥದ್ದು ಸಿಕ್ಕರೆ ಕೇಳಬೇಕೆ? “ಬರ್ರೇ, ಬರ್ರೇ! ಕಾಕ್ ಸುಪಿಯಾ ಬಲಗೈ ಹರಾಜಿಗಿದೆ!” ಅಂತ ಕೂಗಿದಳು. ಗಿರಾಕಿಗಳಿಲ್ಲದ ಮಾರುಕಟ್ಟೆ, ಅರೆಗಳಿಗೆಯಲ್ಲಿ ಹೆಂಗಸರೆಲ್ಲ ಸುತ್ತುವರಿದರು. ನಾನು ಅವಳ ಬಲಗೈಯನ್ನು ಹಿಡಿದೆತ್ತಿ ಅವಳ ಮುಖದ ಮುಂದೆಯೇ ಹಿಡಿದೆ. “ನೋಡಿ ಕಾಕ್, ಬಿದಿರು ಗೆಣ್ಣಿನ ಬಳೆ, ಹಳೇ ಕಾಲದ ಗಟ್ಟಿ ಕೆಲಸ. ಅಂಗಡಿ ಒಂಬತ್ತು ಕೇಳ್ತಿದೆ. ಎಡಗೈಯವರು ಏನಂತೀರಿ?”

ಅವಳು ನಗುತ್ತಲೇ ಬಗ್ಗಿ ನೋಡಿದಳು. ನೋಡಿದವಳ ನಗು ನಿಂತಿತು. ಕೊಳ್ಳುವವಳ ಜಾಗಕ್ಕೆ ಹೋಗಿ ಕೂತ ಕೂಡಲೇ ಅವಳ ಮುಖವೇ ಬೇರೆಯಾಯಿತು, ಅಚ್ಚಿನ ಬಟ್ಟೆಯಲ್ಲಿ ಮೇಣದ ಬಿರುಕು ಹುಡುಕುವ ಮುಖ. ಎಡಗೈ ಬೆರಳಿನಿಂದ ಬಳೆಯನ್ನು ತಿರುಗಿಸಿದಳು.

“ಒಂಬತ್ತಾ? ಇಲ್ಲಿ ಸವೆದಿದೆ ನೋಡು. ಈ ಗೆಣ್ಣು ತಗ್ಗಿದೆ.”

“ಹಳೇದು ಅಂದ್ಮೇಲೆ ಇರತ್ತೆ ಕಾಕ್.”

“ಹಳೇದೇ ಹೊರತು ಚೆನ್ನಾಗಿರೋದಲ್ಲ. ಈ ಮಾದರಿ ಈಗ ಯಾರು ಹಾಕ್ಕೊಳ್ತಾರೆ? ನನ್ನ ಮಗಳಿಗೆ ಕೊಟ್ರೂ ಮುಟ್ಟಲ್ಲ.”

“ಸರಿ, ಎಂಟು.”

“ಎಂಟಕ್ಕೆ ಹೊಸದು ಬರತ್ತೆ.”

“ಏಳು! ಅಂಗಡಿ ಕೈ ಸುಟ್ಕೊಂಡು ಕೊಡ್ತಿದೆ.”

“ನನ್ನ ಬೆವರಿನ ದುಡ್ಡು ಕಣೇ ತೀಜಾ, ಸುಮ್ನೆ ಬಂದಿದ್ದಲ್ಲ,” ಅಂದಳು ಅವಳು, ನಿಜವಾಗಿ ರೇಗಿ. “ಐದೂವರೆ. ಬೇಕಾದ್ರೆ ಕೊಡು, ಬೇಡಾದ್ರೆ ಬಿಡು.”

ಹೆಂಗಸರು ಹೋ ಅಂತ ನಕ್ಕರು. ಜಾ ಉಪ್ಪಿನಕಾಯಿ ಸೌಟು ಹಿಡಿದುಕೊಂಡೇ ಕುಣಿದಳು. ಕಾಕ್ ಸುಪಿಯಾ ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದಳು. ತನ್ನ ಬಾಯಿಂದ ಏನು ಬಂತು ಅನ್ನುವುದು ಅವಳ ಕಿವಿಗೆ ಆಗ ಮುಟ್ಟಿತೆಂದು ಕಾಣುತ್ತದೆ. ನಿಧಾನಕ್ಕೆ ಸ್ಟೂಲಿನ ಮೇಲೆ ಕೂತಳು.

“ತೌಕೆ ಆರು ಕೊಡ್ತೀನಿ ಅಂದಿದ್ದ,” ಅಂದಳು.

ಒಬ್ಬೊಬ್ಬರಾಗಿ ತಮ್ಮ ತಮ್ಮ ಹಲಗೆಗೆ ಹೋದರು. ನಾನು ಅವಳ ಪಕ್ಕ ಕೂತೆ. ಗೆದ್ದೆ ಅನ್ನುವ ಖುಷಿ ನನಗೆ ಬರಲಿಲ್ಲ.

“ಇದನ್ನ ಕೊಂಡ ದಿನ ಅಮ್ಮ ಇನ್ನೂ ಇದ್ಲು ತೀಜಾ,” ಅಂದಳು. “ಹಾಸಿಗೆ ಹಿಡಿದಿದ್ಲು. ಕೈ ತೋರಿಸಿದೆ. ನಿಂಗಾ ಅಂದ್ಲು. ನಂಗಲ್ಲಮ್ಮ, ಅಂಗಡಿಗೆ ಅಂದೆ. ಅಮ್ಮ ಇದನ್ನ ಹಿಡ್ಕೊಂಡು ಎಷ್ಟೋ ಹೊತ್ತು ಬಿಡ್ಲೇ ಇಲ್ಲ. ಹಾಗಾದ್ರೆ ಅಂಗಡಿ ಉಳಿಯತ್ತೆ ಅಂದ್ಲು.”

ನಾನು ಅವಳ ಬಲಗೈಯನ್ನು ನನ್ನ ಮಡಿಲಿಗೆ ಎಳೆದುಕೊಂಡೆ. ಆದರೂ ಹೇಳಬೇಕಾದ್ದನ್ನು ಹೇಳಿದೆ.

“ಅಮ್ಮ ಅಂಗಡಿ ಉಳಿಯತ್ತೆ ಅಂದ್ಲು ಕಾಕ್. ಬಳೆ ಉಳಿಯತ್ತೆ ಅನ್ಲಿಲ್ಲ.”

ಅವಳು ಎದ್ದಳು. ತಲೆಯ ಬಟ್ಟೆ ಸರಿಮಾಡಿಕೊಂಡಳು. ನನ್ನ ಕೈ ಹಿಡಿದುಕೊಂಡೇ ಮೆಟ್ಟಿಲಿಳಿದು ತೌಕೆ ಹೊಕ್‌ನ ಅಂಗಡಿಗೆ ನಡೆದಳು. ತೌಕೆ ತಕ್ಕಡಿ ತೆಗೆದಿಟ್ಟ. ಬಿದಿರಿನ ಬಳೆಗೆ ಸೋಪು ಹಚ್ಚಿ ಎಳೆದ, ಎಣ್ಣೆ ಹಚ್ಚಿ ಎಳೆದ. ಅವಳ ಕೈ ಕೆಂಪಾಯಿತೇ ಹೊರತು ಬಳೆ ಕದಲಲಿಲ್ಲ.

“ಕತ್ತರಿಸಬೇಕಾಗತ್ತೆ ಕಾಕ್.”

“ಕತ್ತರಿಸಿದ್ರೆ ಬೆಲೆ ಎಷ್ಟು ಕಮ್ಮಿಯಾಗತ್ತೆ?”

“ಯಾಕೆ ಕಮ್ಮಿಯಾಗತ್ತೆ? ತೂಕ ಅದೇ ತಾನೆ?”

ಅವಳು ತೋಳಿನ ಬಟ್ಟೆ ಮೇಲೆ ಸರಿಸಿಕೊಂಡಳು. ಆಮೇಲೆ ಕೈಯನ್ನು ಮೇಜಿನ ಮೇಲೆ ಚಾಚಿ, “ಹಾಗಾದ್ರೆ ಕತ್ತರಿಸು” ಅಂದಳು. ಇಕ್ಕಳ ಬಿದ್ದಾಗ ಕಣ್ಣು ಮುಚ್ಚಲಿಲ್ಲ. ಬಳೆ ಬಾಯಿಬಿಟ್ಟು ಬಿತ್ತು. ಅದು ಇದ್ದ ಕಡೆ ಚರ್ಮ ಬಿಸಿಲು ಕಾಣದೆ ಬೆಳ್ಳಗೆ ಉಳಿದಿತ್ತು, ಹುಟ್ಟಿದ ಮಗುವಿನ ಚರ್ಮದ ಹಾಗೆ. ಅವಳು ಅತ್ತಳು. ನಾನೂ ಅತ್ತೆ. ತೌಕೆ ನಮ್ಮಿಬ್ಬರಿಗೂ ಸಕ್ಕರೆ ಹಾಕದ ಚಹಾ ಕೊಟ್ಟು ನೋಟು ಎಣಿಸಿದ. ನೋಟುಗಳು ಬಲಗಡೆ ಚೀಲಕ್ಕೆ ಹೋದವು, ಎಡಗಡೆಗೆ ಒಂದೂ ಹೋಗಲಿಲ್ಲ.

ಗುರುವಾರ ಪೊಕ್ ದೆರಾಮನ್‌ಗೆ ಮುಂಗಡ ಮುಟ್ಟಿತು. ಅವರು ಮೇಣ ತರಿಸಿದರು, ಬಿಳಿ ಬಟ್ಟೆ ತರಿಸಿದರು, ಹಬ್ಬದ ಬಟ್ಟೆಯನ್ನು ಕಾಕ್ ಸುಪಿಯಾಳ ಹೆಸರಿಗೇ ಹಾಕಿದರು. ಅವತ್ತು ಸಂಜೆ ಬಾಗಿಲು ಹಾಕುವಾಗ ಅವಳ ಗದರಿಕೆ ಕೇಳಿಸಿತು. “ಸುಪಿಯಾ, ಅಂಗಡಿ ಪರಿಸ್ಥಿತಿ ನಿಂಗೇ ಗೊತ್ತಿದೆ. ಹಬ್ಬದವರೆಗೆ ಅರ್ಧ ಸಂಬಳ. ಇಷ್ಟ ಇದ್ರೆ ಇರು, ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೋ.” ನೋಟನ್ನು ಎಡಗಡೆ ಚೀಲಕ್ಕೆ ತುರುಕುತ್ತ, “ಇರ್ತೀನಿ” ಅಂತ ತಾನೇ ಅಂದಳು. ನೆರೆ ಬಂದಮೇಲೆ ಮೊದಲ ಸಲ ನಮ್ಮ ಸಾಲು ಬಾಯಿ ತುಂಬ ನಕ್ಕಿತು.

ನಾನೂ ಆ ತಿಂಗಳು ಎರಡನೆಯ ಚೀಲ ಹೊಲಿಸಿಕೊಂಡೆ. ಮೊದಮೊದಲು ಕೈ ತಪ್ಪಿ ಬೇರೆ ಚೀಲಕ್ಕೆ ಹೋಗುತ್ತಿತ್ತು. ಎದುರಿನಿಂದ ಅವಳ ಕೆಮ್ಮು ಕೇಳುತ್ತಿತ್ತು.

ರಂಜಾನಿನಲ್ಲಿ ಜನ ಮುಗಿಬಿದ್ದರು. ನೆರೆಯಲ್ಲಿ ಎಲ್ಲ ಕಳೆದುಕೊಂಡವರು ಹಬ್ಬಕ್ಕೆ ಒಂದಾದರೂ ಹೊಸದು ಬೇಕು ಅಂತ ಬಂದರು. ಅವಳು ಹೆಗಲ ಮೇಲೆ ಸರೋಂಗ್ ಹಾಕುತ್ತಲೇ ಇದ್ದಳು, “ನಿಮ್ಮದು” ಅನ್ನುತ್ತಲೇ ಇದ್ದಳು. ನೀರಿನಲ್ಲಿ ಮನೆ ಹೋದವರ ಹತ್ತಿರ ಮಾತ್ರ ಆ ಆಟ ಆಡಲಿಲ್ಲ, ನೇರವಾಗಿ ಬೆಲೆ ಹೇಳಿದಳು. ಹಬ್ಬದ ಹಿಂದಿನ ದಿನ ಹಲಗೆಯ ಮೇಲೆ ಮಡಿಸಲು ಏನೂ ಉಳಿದಿರಲಿಲ್ಲ.

ಹಬ್ಬ ಕಳೆದು, ಪೊಕ್ ದೆರಾಮನ್‌ಗೆ ಬಾಕಿ ಕೊಟ್ಟು, ಮುಂದಿನ ಸರಕಿಗೂ ಎತ್ತಿಟ್ಟ ಮೇಲೆ ಬಲಗಡೆ ಚೀಲದಲ್ಲಿ ಇನ್ನೂ ಉಳಿದಿತ್ತು. ಅವಳು ನನ್ನನ್ನು ಕರೆದುಕೊಂಡು ತೌಕೆ ಹೊಕ್‌ನಲ್ಲಿಗೆ ಹೋದಳು. ಅವನು ಖುಷಿಯಿಂದ ಹೂವಿನ ಕೆಲಸದ್ದು, ಬಳ್ಳಿಯ ಕೆಲಸದ್ದು ಒಂದೊಂದೇ ತೆಗೆದಿಟ್ಟ. ಅವಳು ಒಂದನ್ನೂ ಮುಟ್ಟಲಿಲ್ಲ. ಕೆಲಸವೇ ಇಲ್ಲದ, ಮಜೂರಿ ಎಲ್ಲಕ್ಕಿಂತ ಕಡಿಮೆಯಾದ ಒಂದು ಸಾದಾ ಬಳೆಯನ್ನು ಆರಿಸಿ ಬಲಗೈಗೆ ಹಾಕಿಕೊಂಡಳು.

“ಕಾಕ್, ಅದು ನಿಮಗೆ ದೊಡ್ಡದಾಯ್ತು,” ಅಂದ ತೌಕೆ. “ಜಾರತ್ತೆ. ಅಳತೆದು ಕೊಡ್ತೀನಿ ಇರಿ.”

ಅವಳು ಕೈಯನ್ನು ಕೆಳಗೆ ಬಿಟ್ಟು ಒಂದು ಸಲ ಅಲುಗಿಸಿದಳು. ಬಳೆ ಮಣಿಕಟ್ಟು ದಾಟಿ ಬೆರಳಿನ ಗೆಣ್ಣಿನವರೆಗೆ ತಾನೇ ಇಳಿದು ಬಂತು. ಇನ್ನೊಂದು ಸಲ ಅಲುಗಿಸಿದರೆ ಅಂಗೈಗೆ ಬೀಳುತ್ತಿತ್ತು. ಅವಳ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ನಗು ಬಂತು.

“ಇದೇ ಇರಲಿ ತೌಕೆ,” ಅಂದಳು. “ಅಂಗಡಿ ಕೇಳಿದ ಕೂಡ್ಲೆ ಕೈಯಿಂದ ಬರಬೇಕು.”